ದಾರದಲ್ಲಿ ಅಳೆದ ಗುವಾಹಟಿ

ಆಗೆಲ್ಲ ತಮಿಳುನಾಡಿಗೆ ಸೇರಿದ ನಮ್ಮ ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಅವರೆಕಾಯಿ ಕಾಲ ಬಂತೆಂದರೆ ಮನೆಯ ಮಾತುಕತೆಯೆಲ್ಲ ಜಗುಲಿಯ ಮೇಲೆಯೇ. ಆ ಸಂಜೆ ತಾತ ಗೋಡೆಗೊರಗಿ ಕೂತಿದ್ದರು. ಅಜ್ಜಿ, ಅಪ್ಪ, ರತ್ನತ್ತೆ, ನಾನು ಕಾಯಿಯ ರಾಶಿಯ ಸುತ್ತ. ಬೆರಳಿಗೆಲ್ಲ ಸೊಗಡು ಅಂಟಿ, ಮೂಗು ಕೆರೆದುಕೊಂಡರೂ ಅದೇ ವಾಸನೆ.

ರತ್ನತ್ತೆ ಅಪ್ಪನ ತಂಗಿ. ಬಾಗಲೂರಿನ ಹುಡುಗನೊಬ್ಬ ಅವಳನ್ನು ನೋಡಿ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಆದರೆ ಅವನ ಲಾರಿ ಕಂಪನಿಯವರು ಅವನನ್ನು ಗುವಾಹಟಿಗೆ ಹಾಕಿದ್ದರು. ತಾತ ಒಪ್ಪಲೊಲ್ಲರು. ಹೆಣ್ಣು ಕೊಡುವ ಊರಿಗೆ ನಮ್ಮಲ್ಲಿ ಒಂದು ಅಳತೆಯಿತ್ತು: ಬೆಳಿಗ್ಗೆ ಸಾವಿನ ಸುದ್ದಿ ಹೋದರೆ, ಹೊತ್ತು ಮುಳುಗುವುದರೊಳಗೆ ಮಗಳು ಬಂದು ಹಿಡಿ ಮಣ್ಣು ಹಾಕುವಂತಿರಬೇಕು.

"ರೈಲಲ್ಲಿ ಮೂರು ದಿನ ಅಂತೆ. ನನ್ನ ಮಣ್ಣಿಗೆಲ್ಲಿ ಬತ್ತಾಳೆ, ತಿಥಿ ಊಟಕ್ಕೆ ಬತ್ತಾಳೆ," ಎಂದರು ತಾತ.

"ಸಾಯೋ ಮಾತ್ಯಾಕಪ್ಪ ಈಗ?" ಎಂದಳು ಅತ್ತೆ.

"ನೀನು ಕಾಯಿ ನೋಡಮ್ಮಿ," ಅಜ್ಜಿ ಗದರಿದಳು. "ಹುಳ ಬಿದ್ದಿರೋದ್ನೂ ಹಾಕ್ತಾವ್ಳೆ. ಮನ್ಸೆಲ್ಲ ಬಾಗಲೂರಲ್ಲೈತೆ!"

ಅಪ್ಪ ನಕ್ಕ. ಅತ್ತೆ ನಗಲಿಲ್ಲ, ತಲೆ ಬಗ್ಗಿಸಿದಳು. ಅವಳ ಕಣ್ಣು ನೋಡಿ ನಾನು ಎದ್ದುಹೋಗಿ ಸ್ಕೂಲಿನ ಅಟ್ಲಾಸ್ ತಂದೆ. ಅದು ತಮಿಳಿನದು, ಓದುವುದು ಅದರಲ್ಲಿ, ಜಗಳವಾಡುವುದು ಕನ್ನಡದಲ್ಲಿ. ರಾಗಿ ಮೂಟೆ ಹೊಲಿಯುವ ದಾರವನ್ನು ಬೆಂಗಳೂರಿನ ಚುಕ್ಕೆಯಿಂದ ಗುವಾಹಟಿಗೆ ನೇರ ಎಳೆದು, ಅಷ್ಟಕ್ಕೇ ಹಲ್ಲಿನಲ್ಲಿ ಕಡಿದೆ.

"ನೋಡು ತಾತ, ಗೇಣೂ ಇಲ್ಲ! ವಿಮಾನಕ್ಕೆ ತಿರುವಿಲ್ಲ, ಗುಡ್ಡ ಇಲ್ಲ. ಮೂರೇ ಗಂಟೆ. ಟೀಚರ್ ಹೇಳವ್ರೆ."

"ಮೂರೇ ಗಂಟೆನಾ? ಲೋ, ನಾವು ಕೃಷ್ಣಗಿರಿಗೆ ಹೋಗಿ ಬರೋಕೇ ಅದಕ್ಕಿಂತ ಹೊತ್ತಾಯ್ತದಲ್ಲೋ!" ಎಂದು ತಾತ ಅಪ್ಪನ ಮುಖ ನೋಡಿದರು.

ದಾರವನ್ನು ಎರಡೂ ತುದಿ ಹಿಡಿದು ಜಗ್ಗಿ ನೋಡಿದರು. ಬೇಲಿಗೂಟದ ಹಗ್ಗ ಜಗ್ಗಿ ನೋಡುವ ಹಾಗೆ. ಆಮೇಲೆ ಸುತ್ತಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. "ಬಾಗಲೂರಿಗೆ ಹೇಳ್ಕಳಿಸ್ಲಾ. ಕೊಡಾನ."

ಅತ್ತೆ ನನ್ನ ಕೆನ್ನೆ ಹಿಂಡಿದ ಸೊಗಡು ಎರಡು ದಿನ ಹೋಗಲಿಲ್ಲ.

ಈಗ ಸುಲಿದ ಅವರೆಕಾಳೇ ಹೊಸೂರಿನ ಅಂಗಡಿಯಲ್ಲಿ ಸಿಗುತ್ತದೆ, ಜಗುಲಿಯಲ್ಲಿ ಕೂರುವವರಿಲ್ಲ. ಎರಡು ಊರಿನ ಹೆಸರು ಹಾಕಿದರೆ ಆಕಾಶದ ದೂರವನ್ನು ಫೋನೇ ಹೇಳುತ್ತದೆ. ಹಿಡಿ ಮಣ್ಣಿನಿಂದ ದೂರ ಅಳೆಯುವವರು ಹೊರಟುಹೋದರು.

ನನ್ನ ಅಳತೆಯಲ್ಲಿ ಒಂದು ತಪ್ಪಿತ್ತು. ದಾರವನ್ನು ಬೆಂಗಳೂರಿನಿಂದ ಹಿಡಿದಿದ್ದೆ, ನಮ್ಮ ಹೊಸ್ತಿಲಿನಿಂದಲ್ಲ.

ಹೋದ ವರ್ಷ ಅವರೆಕಾಯಿ ಕಾಲದಲ್ಲೇ, ಬೆಳಗಿನ ಜಾವ ತಾತ ತೀರಿಕೊಂಡರು. ಅತ್ತೆಗೆ ಹತ್ತೂವರೆಯ ವಿಮಾನ ಸಿಕ್ಕಿತು; ಸರಿಯಾಗಿ ಮೂರು ಗಂಟೆಯಲ್ಲಿ ಬೆಂಗಳೂರಿನಲ್ಲಿ ಇಳಿದಳು. ವಿಮಾನ ನಿಲ್ದಾಣ ಬೆಂಗಳೂರಿನ ಆಚೆ, ನಾವು ಈಚೆ. ಹೊತ್ತು ಕಂತುವಾಗ ಫೋನು ಬಂತು: "ಅಣ್ಣಾ, ಇನ್ನೂ ಅತ್ತಿಬೆಲೆ ಕಣೋ, ವಾಹನ ಒಂದೂ ಅಲ್ಲಾಡ್ತಿಲ್ಲ." ಹಿರಿಯರು ಇನ್ನು ಕಾಯುವುದು ಬೇಡವೆಂದರು. ಮಣ್ಣು ಮುಚ್ಚುವ ಮೊದಲು ಅಪ್ಪ ಒಂದು ಹಿಡಿ ಎತ್ತಿ ತಾತನ ಎಲೆಅಡಿಕೆ ಚೀಲಕ್ಕೆ ಹಾಕಿಟ್ಟ.

ಮಾರನೆಯ ಬೆಳಿಗ್ಗೆ ಅತ್ತೆ ಆ ಚೀಲವನ್ನು ತಾತನನ್ನು ಹೂತ ಗುಡ್ಡೆಯ ಮೇಲೆ ಸುರಿದಳು. ಮಣ್ಣಿನ ಜೊತೆ ದಾರವೂ ಬಿತ್ತು. ಅವಳು ಅದನ್ನು ತೆಗೆಯಲಿಲ್ಲ.