ನಮ್ಮತ್ತೆ ಸುಮ್ಮನಿದ್ದ ಹತ್ತು ನಿಮಿಷ

ಗೆಳತಿಯರೇ, ಇವತ್ತು ಜಗಳ ಮಾಡಲೆಂದೇ ಬೆಟಗೇರಿಯಲ್ಲಿರುವ ಮಗಳ ಶಾಲೆಗೆ ಹೋಗಿದ್ದೆ, ಬಲಕ್ಕಿರಲಿ ಅಂತ ಅತ್ತೆಯನ್ನೂ ಕರೆದುಕೊಂಡು. ಮಗಳು ಗಂಗಾಗೆ ಆರು ವರ್ಷ, ಆಟಿಸಂ ಇದೆ. ಸ್ಪೀಚ್ ಥೆರಪಿ ಟೀಚರ್ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಾರೆ. ಎರಡು ತಿಂಗಳಾದರೂ ಅವಳ ಬಾಯಿಂದ ಒಂದು ಮಾತೂ ಹೊರಟಿಲ್ಲ ಎಂಬುದು ನನ್ನ ತಕರಾರು.

"ಕುಂಡ್ರಿ, ನೀವ ನೋಡ್ರಿ" ಎಂದ ಟೀಚರ್, ಗಂಗಾಳಿಗೆ ಬಿಸ್ಕತ್ತು ತೋರಿಸಿ, "ಏನ್ ಬೇಕವಾ?" ಎಂದು ಕೇಳಿದರು.

"ಬಿಸ್ಕೀಟ್ ಬೇಕಂತ್ರಿ" ಎಂದರು ನಮ್ಮತ್ತೆ.

ಟೀಚರ್ ಬಾಟಲಿ ಎತ್ತಿದರು. "ನೀರ ಬೇಕೇನು?"

"ಈಗ ಕುಡದಾಳ್ರಿ" ಎಂದೆ ನಾನು.

ಟೀಚರ್ ನಕ್ಕೇಬಿಟ್ಟರು. "ಮನ್ಯಾಗೂ ಹಿಂಗ ಏನ್ರಿ? ಮತ್ತ ಆಕಿ ಪಾಳಿ ಬರೂದು ಯಾವಾಗ? ಹತ್ತು ನಿಮಿಷ ಇಬ್ರೂ ಸುಮ್ನಿರ್ರಿ. ಆಕಿ ತಾನ ಏನ್ ಕೇಳಿದ್ರೂ ಲಗೂನ ಕೊಡೂದು, ಅಷ್ಟ ರೂಲು."

ನಮ್ಮತ್ತೆಗೆ ಸುಮ್ಮನಿರಲು ಗೊತ್ತಿರುವುದು ಒಂದೇ ದಾರಿ. ಸಂಚಿ ಬಿಚ್ಚಿ ಬಾಯಿ ತುಂಬ ಎಲೆ-ಅಡಿಕೆ ಹಾಕಿಕೊಂಡರು. ಗಂಗಾ ಎಲ್ಲರ ಮುಖ ನೋಡಿದಳು. ಬಿಸ್ಕತ್ತು ಅತ್ತ ಸರಿಸಿ, ಅಜ್ಜಿಯ ಸಂಚಿ ಹಿಡಿದು, ಸ್ಪಷ್ಟವಾಗಿ ಅಂದಳು: "ಎಲಿ."

ನನ್ನ ಕಣ್ಣು ತುಂಬಿತು. ಟೀಚರಿಗೆ ಫಜೀತಿಯಾಯಿತು. ನಮ್ಮತ್ತೆ ಮಾತ್ರ ತುಂಬಿದ ಬಾಯಲ್ಲೇ, "ರೂಲಂದ್ರ ರೂಲ್ರಿ ಟೀಚರ್" ಎನ್ನುತ್ತ ಎಲೆಯ ತುದಿ ಚೂರು ಹರಿದು ಮೊಮ್ಮಗಳಿಗೆ ಕೊಟ್ಟರು.

ಜಗಳ ಅಲ್ಲೇ ಮರೆತು ಬಂದೆ. ಮನೆಗೆ ಬಂದು ಹೋಂವರ್ಕ್ ಪುಸ್ತಕ ತೆಗೆದರೆ ಟೀಚರ್ ಬರೆದಿದ್ದಾರೆ: "ದಿನಾ ಹತ್ತು ನಿಮಿಷ ಅಜ್ಜಿಯ ಬಾಯಿಗೆ ಎಲೆ-ಅಡಿಕೆ. ಅಮ್ಮನ ಬಾಯಿಗೂ ಏನಾದರೂ ನೋಡಿ."