ಇಂದ್ರಾಬಾಯಿಯ ಎಡಹೊಟ್ಟೆ

ಇಂದ್ರಾಬಾಯಿಯ ಕೈ ಬಲು ಜೋರು. ಮುಂಬಯಿಯ ಬೈಕುಲ್ಲಾದ ಆ ಚಾಳಿನಲ್ಲಿ ಇದನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಹಳೇ ಬಿಲ್ಡಿಂಗುಗಳನ್ನು ಕೆಡವುವುದು ಆಕೆಯ ಕಸುಬು. ಗಂಡಸರು ಗೋಡೆ ಒಡೆಯಬೇಕು, ಹೆಂಗಸರು ಬುಟ್ಟಿಯಲ್ಲಿ ಇಟ್ಟಿಗೆ ಚೂರು ಹೊರಬೇಕು ಎಂಬುದು ಆ ಕೆಲಸದ ವಾಡಿಕೆ. ಯಾದಗಿರಿ ಕಡೆಯಿಂದ ಗಂಡ ಮರೆಪ್ಪನ ಹಿಂದೆ ಬಂದ ಇಂದ್ರಾಬಾಯಿ ನಾಲ್ಕು ದಿನ ಬುಟ್ಟಿ ಹೊತ್ತು, ಐದನೇ ದಿನ ದೊಡ್ಡ ಸುತ್ತಿಗೆಗೇ ಕೈ ಹಾಕಿದಳು. ಮರೆಪ್ಪ ಸತ್ತ ಮೇಲೂ ಆ ಸುತ್ತಿಗೆ ಕೆಳಗಿಳಿಯಲಿಲ್ಲ. ಒಮ್ಮೆ ಸೂಪರ್‌ವೈಸರ್ ದೇವಾನಂದ ಕೆಲಸದ ಹುಡುಗಿಯೊಬ್ಬಳ ಸೊಂಟಕ್ಕೆ ಕೈ ಹಾಕಿದಾಗ ಇಂದ್ರಾಬಾಯಿ ಕೊಟ್ಟ ಏಟಿಗೆ ಅವನ ಹಲ್ಲು ಅಲ್ಲಾಡಿತ್ತು. ಆಮೇಲೆ ಅವನು ಆಕೆಯನ್ನು "ಬಾಯಿಸಾಹೇಬ್" ಎಂದೇ ಕರೆಯತೊಡಗಿದ. ಹೊಡೆತದಿಂದ ಬಂದ ಮರ್ಯಾದೆ ಹೊಡೆಯುವ ಕೈ ಇರುವತನಕ ಮಾತ್ರ ಎಂಬುದು ಆಕೆಗೂ ಗೊತ್ತಿತ್ತು.

ಅಂಥ ಕೈ ಸೋಲತೊಡಗಿತು. ನಾಲ್ಕು ಪೆಟ್ಟಿಗೆ ಮೇಲುಸಿರು ಬರುತ್ತಿತ್ತು. ಎರಡು ತುತ್ತು ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿ ಬಿಗಿಯುತ್ತಿತ್ತು. ಕೆನ್ನೆ ಇಳಿದು, ತೋಳು ಇಳಿದು, ಹೊಟ್ಟೆಯೊಂದೇ ಬೆಳೆಯಿತು. ಅದೂ ಎಡಕ್ಕೆ. ಪಕ್ಕೆಲುಬಿನ ಕೆಳಗೆ ಕಲ್ಲು ಇಟ್ಟಂತೆ ಗಟ್ಟಿ. ಸರಕಾರಿ ದವಾಖಾನೆಯವರು ರಕ್ತ ನೋಡಿ ಬೆದರಿ ದೊಡ್ಡಾಸ್ಪತ್ರೆಗೆ ಕಳಿಸಿದರು. ರಕ್ತದ ಕ್ಯಾನ್ಸರ್ ಎಂದು ಅಲ್ಲಿ ಗೊತ್ತಾಯಿತು.

ಡಾಕ್ಟರ್ ಹಿಂದಿಯಲ್ಲಿ ಹೇಳಿದ್ದನ್ನು ಉಡುಪಿ ಕಡೆಯ ನರ್ಸ್ ವಿನೋದಿನಿ ಕನ್ನಡದಲ್ಲಿ ಬಿಡಿಸಿ ಹೇಳಿದಳು. "ಹೆದರಬೇಡಿ ಅಮ್ಮ. ಇದಕ್ಕೆ ಗುಳಿಗೆ ಉಂಟು. ದಿನಾ ಊಟ ಆದ ಮೇಲೆ ಒಂದು, ಬಿಡದೆ ನುಂಗಬೇಕು. ಮೊದಲಿಗೆ ವಾಂತಿ ಆಗ್ತದೆ, ಕಣ್ಣ ಸುತ್ತ ಊದ್ತದೆ. ಹಾಗಂತ ನಿಲ್ಲಿಸಬಾರದು."

"ಮತ್ತ ಈ ಗಡ್ಡಿ?"

"ಅದು ಗುಲ್ಮ, ಎಲ್ಲರ ಹೊಟ್ಟೆಯ ಎಡಗಡೆ ಇರುವ ಅಂಗ. ರೋಗದಿಂದ ಊದಿಕೊಂಡದ್ದು. ಗುಳಿಗೆಗೆ ಇಳೀತದೆ. ಇಳಿಯುವವರೆಗೆ ಅದಕ್ಕೆ ಪೆಟ್ಟು ಬೀಳಬಾರದು. ಒಡೆದರೆ ಒಳಗೇ ರಕ್ತ ಸುರಿದು ಜೀವ ಹೋಗ್ತದೆ. ಯಾರ ಹತ್ರವೂ ಜಗಳಕ್ಕೆ ಹೋಗಬೇಡಿ, ಆಯ್ತಾ?"

ಜಗಳಕ್ಕೆ ಹೋಗಬೇಡ ಎಂದು ಇಂದ್ರಾಬಾಯಿಗೆ ಹೇಳುವುದೆಂದರೆ ಮೀನಿಗೆ ನೀರು ಮುಟ್ಟಬೇಡ ಎಂದಂತೆ. ಆದರೂ ಆಕೆಗೆ ಬದುಕುವ ಆಸೆ ಇತ್ತು, ಒಪ್ಪಿಕೊಂಡಳು. ರೋಗದ ಹೆಸರನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಆ ಹೆಸರು ಕೇಳಿದರೆ ಕೆಲಸ ಹೋಗುತ್ತದೆ, ಮನೆಯವರೇ ಗಂಗಾಳ ಬೇರೆ ಇಡುತ್ತಾರೆ ಎಂಬ ಅಂಜಿಕೆ.

ಮನೆಯವರು ಅಂದರೆ ತಂಗಿ ಮಹಾದೇವಿ ಮತ್ತು ಅವಳ ಗಂಡ ಶರಣಬಸಪ್ಪ. ತಾಯಿಯಿಲ್ಲದ ತಂಗಿಯನ್ನು ಸಾಕಿ, ಮುಂಬಯಿಗೆ ಕರೆತಂದು, ತನ್ನ ಮೈದುನನಿಗೇ ಕೊಟ್ಟು ಮದುವೆ ಮಾಡಿದವಳು ಇಂದ್ರಾಬಾಯಿ. ಅದೇ ಚಾಳಿನಲ್ಲಿ ಎರಡು ಖೋಲಿ ಆಚೆಗೆ ಅವರ ಸಂಸಾರ. ಶರಣಬಸಪ್ಪ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲ. ದಿನವಿಡೀ ಮೂಟೆ ಹೊರುವ ಆಳು, ಗೂಳಿಯಂಥ ಮೈ.

ಗುಳಿಗೆ ಶುರುವಾಯಿತು. ಬೆಳಗಾದರೆ ಮೋರಿಯ ಹತ್ತಿರ ಕೂತು ವಾಂತಿ. ಮುಖ ಊದಿತು. ನಲ್ಲಿಯ ಹತ್ತಿರ ಪಕ್ಕದ ಖೋಲಿಯ ಶುಭಾಂಗಿ ಎಂದಿನಂತೆ ಕೊಡ ತೂರಿಸಿ ತಳ್ಳಿದರೆ, ಇಂದ್ರಾಬಾಯಿ ಹೊಟ್ಟೆಗೆ ಕೈ ಅಡ್ಡ ಹಿಡಿದು ತೆಪ್ಪಗೆ ಹಿಂದೆ ಸರಿದಳು. ಚಾಳಿಗೆ ಇಷ್ಟು ಸಾಲದೇ? ಬೆಳಗಿನ ವಾಂತಿ, ಬೆಳೆಯುವ ಹೊಟ್ಟೆ, ಆ ಹೊಟ್ಟೆಗೆ ಕಾವಲು ಕೈ! ಗಂಡ ಸತ್ತು ಆರು ವರ್ಷ. ಎಡಕ್ಕೆ ಭಾರ ಇದ್ದರೆ ಹೆಣ್ಣೇ ಎಂದು ಲೆಕ್ಕ ಹಾಕಿದ ಮುದುಕಿಯರೂ ಇದ್ದರು. ಮಂದಿಯ ಬಾಯಿಗೆ ಬೀಗ ಹಾಕುವವರು ಯಾರು?

ಒಂದು ಭಾನುವಾರ ಮಧ್ಯಾಹ್ನ, ಗಂಡಸರೆಲ್ಲ ಮನೆಯಲ್ಲಿದ್ದ ಹೊತ್ತು, ಶರಣಬಸಪ್ಪ ಆಕೆಯ ಬಾಗಿಲು ಒದ್ದ.

"ಹೊರಗ ಬಾ ವೈನಿ. ಯಾರ್ದು ಅಂತ ಹೇಳು."

"ಏನು ಯಾರ್ದು?"

"ಹೊಟ್ಟ್ಯಾಗಿಂದು."

ಇಂದ್ರಾಬಾಯಿಗೆ ನಗು ಬಂದುಬಿಟ್ಟಿತು. ಆ ನಗುವೇ ಕೆಡಿಸಿತು. ಅವನ ಏಟು ಕಪಾಳಕ್ಕೆ ಬಿತ್ತು, ತುಟಿ ಒಡೆಯಿತು. ಆಕೆಯ ಬಲಗೈ ತಾನಾಗಿಯೇ ಮೇಲೆದ್ದಿತು. ಎದ್ದ ಕೈಗೆ ನರ್ಸಿನ ಮಾತು ಅಡ್ಡ ಬಂತು. ತಾನು ಒಂದು ಕೊಟ್ಟರೆ ಅವನು ನಾಲ್ಕು ಕೊಡುತ್ತಾನೆ, ನಾಲ್ಕರಲ್ಲಿ ಒಂದು ಅಲ್ಲಿ ಬಿದ್ದರೆ ಮುಗಿಯಿತು. ಜನ್ಮದಲ್ಲಿ ಮೊದಲ ಸಲ ಆಕೆ ಎತ್ತಿದ ಕೈ ಇಳಿಸಿ, ನೆಲಕ್ಕೆ ಕುಸಿದು, ಮೊಣಕಾಲು ಮಡಚಿ, ಎರಡೂ ಅಂಗೈಯಿಂದ ಹೊಟ್ಟೆ ಮುಚ್ಚಿ ಬೆನ್ನು ತಿರುಗಿಸಿದಳು.

"ಬೆನ್ನಿಗಿ ಹೊಡಿ. ಎಷ್ಟರ ಹೊಡಿ, ಬೆನ್ನಿಗಿ ಹೊಡಿ!"

"ನೋಡ್ರವ್ವಾ, ಕೂಸಿನ್ನ ಹೆಂಗ ಕಾಯ್ಲಾಕತ್ಯಾಳ!" ಎಂದು ಯಾರೋ ಕೂಗಿದರು.

ಅದನ್ನು ಕೇಳಿ ಶರಣಬಸಪ್ಪನಿಗೆ ದೆವ್ವ ಹೊಕ್ಕಿತು. ಬೆಲ್ಟಿನಿಂದ ಬೆನ್ನಿಗೆ ಬಾರಿಸಿದ. ಸೀರೆಯ ಮೇಲೆ ರಕ್ತ ಮೂಡಿತು. ಸುತ್ತು ಹಾಕಿ ಬಂದು ಮುಂದಿನಿಂದ ಒದ್ದ. ಒದೆತ ಹೊಟ್ಟೆಯ ಮೇಲಿದ್ದ ಎಡಗೈಗೆ ಬಿದ್ದು ಎರಡು ಬೆರಳು ಮುರಿದವು. ಆಗ ಆಕೆ ಮುಚ್ಚಿಟ್ಟ ಹೆಸರನ್ನು ಗಂಟಲು ಹರಿಯುವಂತೆ ಕೂಗಿದಳು.

"ಕ್ಯಾನ್ಸರ್ ಅದೋ ನನಗ! ರಕ್ತದ್ದು! ಕೂಸಲ್ಲೋ!"

ಅವನು ಜಡೆ ಹಿಡಿದು ತಲೆ ಎತ್ತಿ ಎಲ್ಲರಿಗೂ ತೋರಿಸಿದ. "ಕ್ಯಾನ್ಸರ್ ಆದೋರ್ನ ನಾವು ನೋಡಿಲ್ಲೇನು? ತಲಿ ಬೋಳ ಆಗಿರ್ತದ. ಇಕಿ ಜಡಿ ನೋಡ್ರಿ, ಹಾವಿನಂಗ ಅದ!"

ಹೌದಲ್ಲ ಎಂದಿತು ಚಾಳು. ಕೂದಲು ಉದುರಿಸದ, ಹಾಸಿಗೆ ಹಿಡಿಸದ, ದಿನಕ್ಕೊಂದು ಗುಳಿಗೆಗೆ ಮಣಿಯುವ ಕ್ಯಾನ್ಸರನ್ನು ಅವರು ಕಂಡಿರಲಿಲ್ಲ. ಕಾಣದ್ದು ಇಲ್ಲವೇ ಇಲ್ಲ ಎನ್ನುವ ಜಾಣರಿಗೆ ಎಲ್ಲಿ ಬರ? ಆಕೆ ಒಳಗಿನಿಂದ ಆಸ್ಪತ್ರೆಯ ಕಾಗದ ತಂದು ಹಿಡಿದರೆ, ಮುಂಬಯಿಯಲ್ಲಿ ಬದುಕಿರುವವನು ಸತ್ತಿದ್ದಾನೆ ಅಂತಲೂ ಕಾಗದ ಸಿಗುತ್ತದೆ ಎಂದು ಹರಿದು ಹಾಕಿದ. ಗುಳಿಗೆಗಳನ್ನು "ಬಸಿರು ಇಳಸೋವು" ಎಂದು ಗಟಾರಿಗೆ ಎಸೆದ. ಮಹಾದೇವಿ ತನ್ನ ಬಾಗಿಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅಕ್ಕನ ಹತ್ತಿರ ಬರಲಿಲ್ಲ. ಇಂದ್ರಾಬಾಯಿಗೆ ಬೆಲ್ಟಿಗಿಂತ ಅದು ಹೆಚ್ಚು ಉರಿಯಿತು.

ಮರುದಿನ ಆಸ್ಪತ್ರೆಯಲ್ಲಿ ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುವ ಮೊದಲೇ ಗುಳಿಗೆ ಕೇಳಿದಳು. ವಿನೋದಿನಿ ಬೆನ್ನು ನೋಡಿ, "ಯಾರು ಹೊಡೆದದ್ದು? ಪೊಲೀಸರಿಗೆ ಹೇಳುವ" ಎಂದಳು.

"ಗ್ವಾಡಿ ಬಿತ್ತವ್ವ" ಎಂದಳು ಇಂದ್ರಾಬಾಯಿ. ಅವನನ್ನು ಪೊಲೀಸರಿಗೆ ಕೊಟ್ಟರೆ ತನ್ನ ಪಾಲಿಗೆ ಏನು ಉಳಿಯಿತು?

ಅಂದಿನಿಂದ ಗುಳಿಗೆಯ ಜೊತೆ ಸಿಟ್ಟನ್ನೂ ನುಂಗಿದಳು. ಉಂಡು ನುಂಗಿದಳು, ವಾಂತಿ ಮಾಡಿ ಮತ್ತೆ ಉಂಡಳು. ಕಾಲ ಮೀನಖಂಡ ಸೆಳೆದಾಗ ಹಲ್ಲು ಕಚ್ಚಿ ಶರಣಬಸಪ್ಪನ ಮುಖ ನೆನೆದಳು. ಯಾರೋ ಬಾಗಿಲ ಮುಂದೆ ಸೆಗಣಿ ಎರಚಿದರೆ ಬಳಿದು ಹಾಕಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹೊಟ್ಟೆ ಇಳಿಯಿತು, ತೋಳು ತುಂಬಿತು. ಡಾಕ್ಟರ್ ಎಡಪಕ್ಕೆಯ ಕೆಳಗೆ ಬೆರಳೂರಿ, ಗುಲ್ಮ ಕೈಗೇ ಸಿಗುತ್ತಿಲ್ಲ, ರಕ್ತವೂ ಚೆನ್ನಾಗಿದೆ ಎಂದರು.

"ಈಗ ಯಾರರ ಗುದ್ದಿದ್ರ ಒಡೀತದೇನು, ಕೇಳವ್ವ" ಎಂದಳು.

ವಿನೋದಿನಿ ಕೇಳಿ ಹೇಳಿದಳು. "ಆ ಹೆದರಿಕೆ ಈಗ ಇಲ್ಲವಂತೆ. ಗುಳಿಗೆ ಮಾತ್ರ ಬಿಡಬಾರದು. ಯಾಕೆ ಕೇಳಿದ್ದು ಮಾರಾಯ್ತಿ?"

ಇಂದ್ರಾಬಾಯಿ ಅಲ್ಲಿಂದ ನೆಟ್ಟಗೆ ಮಾರ್ಕೆಟ್ಟಿಗೆ ಹೋದಳು. ಶರಣಬಸಪ್ಪನ ಬೆನ್ನ ಮೇಲೆ ಉಳ್ಳಾಗಡ್ಡಿಯ ಮೂಟೆ ಇತ್ತು.

"ಚೀಲ ಇಳಸು" ಎಂದಳು. ಇಳಿಸುವ ತನಕ ಕಾದಳು. ಆಮೇಲೆ ಬೀಸಿದಳು. ಅವನು ಕೋಬಿಗಡ್ಡೆಯ ರಾಶಿಯ ಮೇಲೆ ಬಿದ್ದ. ಎದ್ದು ಬಂದು ಅದೇ ಹೊಟ್ಟೆಗೆ ಗುದ್ದಿದ. ಆಕೆ ಬಾಗಿ ನಿಂತು, ಒಳಗೆ ಏನಾದರೂ ಹರಿಯಿತೇ ಎಂದು ಉಸಿರು ಹಿಡಿದು ನೋಡಿದಳು. ನೋವಾಯಿತು, ಅಷ್ಟೇ. ಆ ಸಂತೋಷಕ್ಕೆ ಎರಡನೇ ಏಟು ಇನ್ನೂ ಜೋರಾಗಿ ಬಿತ್ತು. ಅವನ ಮೂಗು ಮುರಿದು ಬಾಯಿಗೆಲ್ಲ ರಕ್ತ ಇಳಿಯಿತು. ಮೂರನೆಯದಕ್ಕೆ ಹಮಾಲರು ಸೇರಿ ಆಕೆಯನ್ನು ಹಿಡಿದುಕೊಂಡರು.

ಚಾಳಿಗೆ ಬಂದಾಗ ಎಲ್ಲರೂ ದಾರಿ ಬಿಟ್ಟರು. ಸುದ್ದಿ ಮೊದಲೇ ತಲುಪಿತ್ತು. ತಿಂಗಳುಗಟ್ಟಲೆ ಮುಖ ತೋರಿಸದ ಮಹಾದೇವಿ ತಾನಾಗಿಯೇ ಒಳಗೆ ಬಂದು, ಬಾಗಿಲು ಹಾಕಿ, ಅಕ್ಕನ ಊದಿದ ಕೈಯನ್ನು ಬಿಸಿನೀರಲ್ಲಿ ಇಳಿಸಿ ಮೆಲ್ಲಗೆ ತಿಕ್ಕಿದಳು. ಇಂದ್ರಾಬಾಯಿಯ ಕಣ್ಣು ತುಂಬಿತು. ಕೊನೆಗೂ ಒಬ್ಬಳು ನಂಬಿದಳಲ್ಲ ಎಂದು ಜೀವ ತಂಪಾಯಿತು.

"ಛಲೋ ಆತು ಬಿಡಕ್ಕ, ಅಂವಗ ಬೇಕಾಗಿತ್ತು" ಎಂದಳು ಮಹಾದೇವಿ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದಳು. "ಅವತ್ತ ಅಂವ ಅಷ್ಟು ಬಡದಾಗೇ ನನಗ ತಿಳೀತು, ಆ ಕೂಸು ಅಂವಂದೇ ಅಂತ. ಆದ್ರ ನೀ ತೆಗಸ್ಕೊಂಡಿ, ನನ್ನ ಸಂಸಾರ ಉಳಿಸಿದಿ. ನನಗ ನಿನ್ನ ಮ್ಯಾಲ ಸಿಟ್ಟಿಲ್ಲಕ್ಕ. ಯಾವಾಗ್ಲೋ ಮಾಫ್ ಮಾಡೀನಿ."

ಇಂದ್ರಾಬಾಯಿಯ ಒದ್ದೆ ಕೈ ಮೇಲೆದ್ದಿತು. ಮಹಾದೇವಿ ತಪ್ಪಿಸಿಕೊಳ್ಳಲಿಲ್ಲ. ಚಿಕ್ಕಂದಿನಲ್ಲಿ ಅಕ್ಕನ ಮುಂದೆ ನಿಲ್ಲುತ್ತಿದ್ದಂತೆಯೇ ಕಣ್ಣು ಮುಚ್ಚಿ ಕೆನ್ನೆ ಕೊಟ್ಟು ಕೂತಳು. ಎತ್ತಿದ ಕೈ ಆ ಕೆನ್ನೆಯ ಮೇಲೆ ಬೀಳಲಾರದೆ ತಿರುಗಿ ಇಂದ್ರಾಬಾಯಿಯ ಹಣೆಗೇ ಬಡಿಯಿತು. ಅಷ್ಟು ಜೋರಾಗಿ ಆಕೆ ಶರಣಬಸಪ್ಪನಿಗೂ ಹೊಡೆದಿರಲಿಲ್ಲ.