ಅಂಟಿಸಿದ ಹಲ್ಲು

ಇದನ್ನು ಬರೆಯಲು ಹಲವು ಸಲ ಕುಳಿತೆ. ಪ್ರತಿ ಸಲವೂ ಏನೋ ನೆಪ ತೆಗೆದು ಎದ್ದುಬಿಟ್ಟೆ.

ಹತ್ತು ವರ್ಷದ ಹಿಂದೆ ನಾನು ಗೋಕಾಕದ ಒಂದು ಹಲ್ಲಿನ ದವಾಖಾನೆಯಲ್ಲಿ ಸಹಾಯಕನಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವನಿಗೆ ಡಾಕ್ಟರೇ ಕೆಲಸ ಕಲಿಸಿದ್ದರು. ಮೆತ್ತನೆಯ ಹಿಟ್ಟಿನಲ್ಲಿ ಒತ್ತಿ ತೆಗೆದ ರೋಗಿಯ ಹಲ್ಲಿನ ಅಳತೆಯೊಳಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು, ಅದರ ಮೇಲೆ ನೈಟ್ ಗಾರ್ಡ್ ಮಾಡುವುದು ನನ್ನ ಪಾಲಿನ ಕೆಲಸ. ನಿದ್ದೆಯಲ್ಲಿ ಹಲ್ಲು ಕಡಿಯುವವರು ಹಾಕಿಕೊಂಡು ಮಲಗುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಅದು.

ಅಂಥ ಗಾರ್ಡಿಗಾಗಿ ಬಂದಿದ್ದ ಆಕೆ ಬೆಲ್ಲದ ಬಾಗೇವಾಡಿಯ ಕುರಿ ಸಾಕುವವರ ಮಗಳು. ಮೂಡಲಗಿಗೆ ಕೊಟ್ಟಿದ್ದರು. ರಾತ್ರಿ ಹಲ್ಲು ಕಡಿಯುತ್ತಾಳೆಂದು ಅತ್ತೆ ತವರಿಗೆ ಕಳಿಸಿದ್ದಳು. ಗಂಡನೇ ಕರೆತಂದಿದ್ದ.

"ಹಲ್ಲ ಕಡಿಯೋ ಸೊಸಿ ಮನಿ ತಿಂತಾಳ ಅಂತಾಳ್ರಿ ನಮ್ಮವ್ವ. ಸಪ್ಪಳ ನಿಂತ್ರ ಕರಕೊಂಡ ಹೋಗ್ತೇನಿ" ಎಂದ.

"ಹಲ್ಲ ಕಡದ್ರ ಹಲ್ಲ ಸವೀತಾವ, ಮನಿ ಅಲ್ಲ" ಎಂದು ನಕ್ಕ ಡಾಕ್ಟರು ಆಕೆಯ ಕಡೆ ತಿರುಗಿದರು. "ಸಂಜಿ ಮುಂದ ಚಾ ಬಿಡವ್ವಾ. ಮಲಗೂ ಮುಂದ ದವಡಿಗೆ ಬಿಸಿನೀರಾಗ ಹಿಂಡಿದ ಅರಬಿ ಇಟಗೋ. ಹಗಲಾಗ ತುಟಿ ಕೂಡಿರ್ಲಿ, ಹಲ್ಲ ಕೂಡಬಾರದು. ಮನಸಿಗೆ ಏನರ ತ್ರಾಸ ಐತೇನು?"

ಆಕೆ ಗಂಡನನ್ನು ನೋಡಿ ತಲೆ ತಗ್ಗಿಸಿದಳು.

ಆಕೆಯ ಪ್ಲಾಸ್ಟರ್ ಅಚ್ಚು ಬಿಡಿಸುವಾಗ ಅದರ ಒಂದು ದವಡೆ ಹಲ್ಲು ಮುರಿಯಿತು. ಹಾಗೆ ಮುರಿದರೆ ರೋಗಿಯನ್ನು ಮತ್ತೆ ಕರೆಸಿ ಅಳತೆ ತೆಗೆಯಬೇಕು. ಕರೆಸಿದರೆ ನನಗೆ ಬೈಗುಳ ತಪ್ಪುತ್ತಿರಲಿಲ್ಲ. ಮುರಿದದ್ದನ್ನು ಗೋಂದು ಹಚ್ಚಿ ಕೂಡಿಸಿದೆ. ಅದು ಕೂದಲೆಳೆಯಷ್ಟು ವಾರೆಯಾಗಿ ಕೂತಿತು. ಅದು ಕಣ್ಣಿಗೆ ಬಿದ್ದರೂ ಅದರ ಮೇಲೆಯೇ ಗಾರ್ಡ್ ಮಾಡಿದೆ.

ಕೊಡುವ ದಿನ ಡಾಕ್ಟರು ಹುಕ್ಕೇರಿಯ ಶಿಬಿರಕ್ಕೆ ಹೋಗಿದ್ದರು. ನಾನೇ ಹಾಕಿಸಿದೆ.

"ಒಂದ ಬಾಜೂ ಒತ್ತತೈತ್ರಿ ಅಣ್ಣಾ" ಎಂದಳು.

"ಹೊಸಾ ಚಪ್ಪಲಿ ಕಡಿಯೂದಿಲ್ಲೇನವ್ವಾ? ರೂಢಿ ಆಗತೈತಿ."

"ಹಂಗಾರ ಹಲ್ಲಿಗೂ ಮೆಟ್ಟ ತೊಡಿಸಿದ್ರಿ ಅನ್ರಿ!" ಎಂದು ಗಂಡ ನಕ್ಕ. ನಾನೂ ನಕ್ಕೆ. ಆಕೆ ನಗಲಿಲ್ಲ.

ತಿಂಗಳಾಗುವಷ್ಟರಲ್ಲಿ ಮರಳಿ ಬಂದರು. ದವಡೆ ಬಾತಿತ್ತು, ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಡಾಕ್ಟರು ಸಿಟ್ಟಾದರು: "ಒತ್ತಿದ್ರ ಬಂದ ಹೇಳಬೇಕೋ ಬ್ಯಾಡೋ? ಹೆಂಗೆಂಗೋ ಹಾಕ್ಕೊಂಡೀ ನೀ."

"ರೂಢಿ ಆಗತೈತಿ ಅಂತ ತಡಕೊಂಡ್ನಿರಿ."

"ಯಾರ ಹೇಳಿದ್ರು ಹಂಗಂತ?"

ಆಕೆ ನನ್ನ ಕಡೆ ನೋಡಿದಳು, ಹೆಸರು ಹೇಳಲಿಲ್ಲ. ನಾನು ನಲ್ಲಿ ಬಿಟ್ಟು, ತೊಳೆದಿಟ್ಟ ಟ್ರೇಯನ್ನೇ ಮತ್ತೆ ತೊಳೆಯತೊಡಗಿದೆ.

ಬಾಗಿಲಲ್ಲಿದ್ದ ಗಂಡ ಅಂದ: "ನೋಡ್ರಿ, ಒಂದ ಪ್ಲಾಸ್ಟಿಕ್ ಹಾಕ್ಕೊಳ್ಳಾಕ ಬರಂಗಿಲ್ಲ ಇಕಿಗೆ. ನಮ್ಮವ್ವ ಹೇಳಿದ್ದ ಖರೆ ಐತಿ."

"ತಪ್ಪು ನಂದ್ರಿ" ಎಂಬ ಎರಡು ಮಾತು ಆಗ ಸಾಕಿತ್ತು. ಆಡಲಿಲ್ಲ. ಅವನು ಆಕೆಯನ್ನು ಬಾಗೇವಾಡಿಯ ಬಸ್ಸು ಹತ್ತಿಸಿ ಒಬ್ಬನೇ ಮೂಡಲಗಿಗೆ ಹೋದ. ಬಾಯಿ ತೆರೆದಷ್ಟರಲ್ಲೇ ಡಾಕ್ಟರು ಅಂದೇ ಹೇಗೋ ತೆಗೆದಿದ್ದ ಹೊಸ ಅಳತೆಗೆ, ಅವರ ಮಾತಿನಂತೆ ಇನ್ನೊಂದು ಗಾರ್ಡ್ ಮಾಡಿದೆ, ಅಚ್ಚುಕಟ್ಟಾಗಿ ಕೂಡುವಂಥದ್ದು. ಒಯ್ಯಲು ಯಾರೂ ಬರಲಿಲ್ಲ. ಗಂಡನಿಗೆ ಬೇರೆ ಮದುವೆಯಾಯಿತೆಂದು ಮುಂದೆ ಮೂಡಲಗಿಯ ರೋಗಿಯೊಬ್ಬರು ಹೇಳಿದರು.

ಒತ್ತುತ್ತದೆ ಎಂದು ರೋಗಿ ಹೇಳಿದರೆ ಒತ್ತುತ್ತಿರುತ್ತದೆ, ಅಷ್ಟೇ. ಆ ಕೆಲಸ ನನಗೆ ಕಲಿಸಿದ್ದು ಇದು. ಈಗಲೂ ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೆಣ್ಣುಮಗಳು ದವಡೆಗೆ ಕೈ ಒತ್ತಿ ಕುಳಿತಿದ್ದರೆ ನನಗೆ ಕೂರಲಾಗುವುದಿಲ್ಲ, ಎದ್ದು ಹತ್ತಿರ ಹೋಗಿ ಮುಖ ನೋಡಿ ಬರುತ್ತೇನೆ. ಬಾಗೇವಾಡಿ ಒಂದು ತಾಸಿನ ದಾರಿ. ಒಮ್ಮೆಯೂ ಹೋಗಿಲ್ಲ. ಅಲ್ಲಿ ಕೇಳಬೇಕಾದ ಹೆಸರು ನನಗೆ ಮರೆತಿಲ್ಲ.

ಲಗಮವ್ವ.